ಆರನೇ ಮೇಜಿನ ಗೆರೆಗಳು

ಗುಂಯ್ ಎಂದು, ದೀಪಗಳಿಗೆ ಕರೆಂಟು ಹಾಯಿಸುವ ಎಂಟು ಕಬ್ಬಿಣದ ಡಬ್ಬಿಗಳು ಒಟ್ಟಿಗೆ ಗುನುಗತೊಡಗಿದವು. ಭೌತಶಾಸ್ತ್ರ ವಿಭಾಗದ ಕತ್ತಲೆಕೋಣೆಯಲ್ಲಿ ಸೋಡಿಯಂ ದೀಪ ಹೊತ್ತಿಸಿದರೆ ಬೆಳಕಿಗಿಂತ ಮೊದಲು ಈ ಸದ್ದು ಬರುತ್ತದೆ. ದೀಪ ಸ್ವಲ್ಪ ಹೊತ್ತು ನಸುಗೆಂಪಾಗಿದ್ದು, ಹತ್ತು ನಿಮಿಷ ಕಾಯಿಸಿ ಆಮೇಲೆ ಹಳದಿಗೆ ತಿರುಗುತ್ತದೆ. ಇಪ್ಪತ್ತೊಂಬತ್ತು ವರ್ಷ ಆ ಸ್ವಿಚ್ಚುಗಳನ್ನು ಒತ್ತಿದ್ದು ಅಟೆಂಡರ್ ಲ್ಯಾಬಕ್ಕನ ಕೈ. ಇವತ್ತು ಒತ್ತಿದವರು ಬೇರೆ. ಅವಳು ಬಾಗಿಲ ಹೊರಗೆ, ಹಾಲ್‌ಟಿಕೆಟ್ಟು ಹಿಡಿದು ನಿಂತಿದ್ದ ಎಂಟು ವಿದ್ಯಾರ್ಥಿಗಳ ಸಾಲಿನಲ್ಲಿ ನಡುವೆ ಇದ್ದಳು. ಉಳಿದ ಏಳು ಜನಕ್ಕೆ ಇಪ್ಪತ್ತು, ಇಪ್ಪತ್ತೊಂದು. ಅವಳಿಗೆ ಐವತ್ತೊಂದು. ಹಾಲ್‌ಟಿಕೆಟ್ಟನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು.

"ಅಕ್ಕಾ, ನೀವೇ ನಡುಗಿದ್ರೆ ನಮ್ಮ ಗತಿ ಏನು?" ಮುಂದಿದ್ದ ಹುಡುಗಿ ತಿರುಗಿ ನಕ್ಕಳು. "ಒಳಗಿರೋ ಒಂದೊಂದು ಸ್ಕ್ರೂನೂ ನಿಮ್ಮ ಮಾತು ಕೇಳುತ್ತೆ."

"ಸ್ಕ್ರೂ ಕೇಳುತ್ತೆ ಮರಿ. ಕೈ ಕೇಳ್ತಿಲ್ಲ."

ಪರೀಕ್ಷೆಯ ದಿನಕ್ಕೆಂದು ರಸಾಯನಶಾಸ್ತ್ರ ವಿಭಾಗದ ಅಟೆಂಡರನ್ನು ಇಲ್ಲಿಗೆ ಹಾಕಿದ್ದರು. ಆತ ಮೇಜಿನ ಸಂಖ್ಯೆ ಬರೆದ ಚೀಟಿಗಳನ್ನು ತನ್ನ ಪದ್ಧತಿಯಂತೆ ಒಂದು ಬೀಕರಿನಲ್ಲಿ ಹಾಕಿಕೊಂಡು ಬಂದಿದ್ದ. ಲ್ಯಾಬಕ್ಕನ ಸರದಿ ಬಂದಾಗ ದನಿ ತಗ್ಗಿಸಿದ.

"ಯಾವ ಮೇಜು ಬೇಕು ಹೇಳಿಬಿಡಿ. ಇಪ್ಪತ್ತು ವರ್ಷ ನಿಮ್ಮ ಟೀ ಕುಡಿದಿದೀನಿ, ಋಣ ತೀರಿಸೋಕೆ ಇನ್ನೊಂದು ಅವಕಾಶ ಸಿಗಲ್ಲ."

"ಸುಮ್ನಿರಪ್ಪ. ಯಾರಾದ್ರೂ ಕೇಳಿಸ್ಕೊಂಡಾರು."

ಆರನೆಯದೊಂದು ಬಿಟ್ಟು ಯಾವುದಾದರೂ ಬರಲಿ ಎಂದುಕೊಂಡು ಅವಳು ಬೀಕರಿಗೆ ಕೈ ಹಾಕಿದಳು. ಚೀಟಿ ಬಿಡಿಸಿದ್ದು ಆತನೇ.

"ಓಹೋ! ತೊಂಬತ್ತು ಕಳೆಯೋ ಮೇಜು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲ್ಯಾಬಕ್ಕ ಚೀಟಿಯನ್ನು ಆತನ ಕೈಯಿಂದ ಕಿತ್ತುಕೊಂಡಳು.

ಆರನೇ ಮೇಜಿಗೆ ಆ ಹೆಸರಿಟ್ಟವರು ಹಿಂದಿನ ವಿದ್ಯಾರ್ಥಿಗಳು. ಆ ಕೋಣೆಯಲ್ಲಿ ಮಾಡುವ ಪ್ರಯೋಗ ಒಂದೇ. ಗ್ರೇಟಿಂಗ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರುವ ಗಾಜಿನ ಚೂರಿನ ಮೂಲಕ ಹಳದಿ ಬೆಳಕು ಹಾಯಿಸಿ, ಅದು ಎಷ್ಟು ಕೋನಕ್ಕೆ ತಿರುಗಿತೆಂದು ಅಳೆದು, ಆ ಬೆಳಕಿನ ತರಂಗದ ಉದ್ದ ಲೆಕ್ಕ ಹಾಕುವುದು. ಪುಸ್ತಕದಲ್ಲಿರುವ ಉತ್ತರ ಐದು ಸಾವಿರದ ಎಂಟುನೂರ ತೊಂಬತ್ಮೂರು ಆಂಗ್‌ಸ್ಟ್ರಾಮ್. ಉಳಿದ ಏಳು ಮೇಜುಗಳಲ್ಲಿ ಅದರ ಆಸುಪಾಸಿನ ಸಂಖ್ಯೆಯೇ ಬರುತ್ತಿತ್ತು. ಆರನೆಯದರಲ್ಲಿ ಮಾತ್ರ ಎಷ್ಟು ಎಚ್ಚರದಿಂದ ಅಳೆದರೂ ತೊಂಬತ್ತು ಚಿಲ್ಲರೆ ಹೆಚ್ಚು. ಆದ್ದರಿಂದ ಹಿರಿಯರು ಕಿರಿಯರಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದರು: ತೊಂಬತ್ತು ಕಳಿ, ಕೋನವನ್ನು ಉತ್ತರಕ್ಕೆ ಹೊಂದಿಸಿ ಬರಿ, ತೆಪ್ಪಗೆ ಬಾ. ಎಲ್ಲರೂ ಹಾಗೇ ಮಾಡುತ್ತಿದ್ದರು. ಮೇಷ್ಟರುಗಳೂ ಗೊತ್ತಿಲ್ಲದಂತೆ ಸಹಿ ಹಾಕುತ್ತಿದ್ದರು.

ಆ ತೊಂಬತ್ತು ಎಲ್ಲಿಂದ ಬಂತೆಂದು ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬಳಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಈಗ ಆರನೇ ನಂಬರಿನ ಚೀಟಿಯಿತ್ತು.

*

ಸೂರ್ಯ, ನಕ್ಷತ್ರಗಳ ಮೇಲಿನ ಅವಳ ಪ್ರೀತಿ ಶುರುವಾದದ್ದೇ ಹೆದರಿಕೆಯಿಂದ. ಏಳು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅವಳ ಅಣ್ಣ, ಬಟ್ಟೆ ಒಣಹಾಕುತ್ತಿದ್ದ ಅವಳನ್ನು ಕರೆದು, ಸೂರ್ಯ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದ್ದಾನೆ, ಒಂದು ದಿನ ಖಾಲಿಯಾಗುತ್ತಾನೆ ಎಂದ.

"ಯಾವತ್ತು?"

"ನಾಳೆ ಇಲ್ಲ ಬಿಡೆ."

"ನಾಡಿದ್ದು?"

ಅಣ್ಣ ನಕ್ಕು ಆಟಕ್ಕೆ ಓಡಿದ. ಅವಳು ನಾಲ್ಕು ದಿನ, ಗಂಟೆಗೊಮ್ಮೆ ಹೊರಗೆ ಬಂದು, ನೆಲದ ಮೇಲೆ ತನ್ನ ನೆರಳು ಇದೆಯೇ ಎಂದು ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಕೊನೆಗೆ ಶಾಲೆಯ ಟೀಚರು ಐನೂರು ಕೋಟಿ ವರ್ಷ ಎಂದು ಬೋರ್ಡಿನ ಮೇಲೆ ಸೊನ್ನೆಗಳನ್ನು ಬರೆದು ತೋರಿಸಿದರು. ಉಳಿದ ಮಕ್ಕಳಿಗೆ ಅದು ಮುಗಿಯದ ಕಾಲ. ಅವಳಿಗೆ ಮಾತ್ರ, ಅಷ್ಟು ದೊಡ್ಡದಕ್ಕೂ ಒಂದು ಕೊನೆಯಿದೆ ಎನ್ನುವುದೇ ಮೈ ತಣ್ಣಗಾಗಿಸಿತು. ಹೆದರಿಸಿದ್ದನ್ನು ದಿಟ್ಟಿಸಿ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ಸೂರ್ಯನ ಬಗ್ಗೆ ಎಲ್ಲೆಲ್ಲಿ ಏನು ಅಚ್ಚಾಗಿದ್ದರೂ ಓದಿದಳು. ಸೂರ್ಯನಿಂದ ನಕ್ಷತ್ರಕ್ಕೆ, ನಕ್ಷತ್ರದಿಂದ ಅದರ ಹುಟ್ಟುಸಾವಿಗೆ ಓದು ತಾನಾಗಿ ಹರಿಯಿತು.

ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡರು, ಅಮ್ಮ ಹಾಸಿಗೆ ಹಿಡಿದಳು. ಕಾಲೇಜಿನ ಆಸೆ ಅಲ್ಲಿಗೆ ನಿಂತಿತು. ಇಪ್ಪತ್ತೆರಡಕ್ಕೆ ಎರಡು ಕಡೆ ಕೆಲಸ ಸಿಕ್ಕಿತ್ತು. ಅಂಚೆಕಚೇರಿಯದನ್ನು ಬಿಟ್ಟು ಲ್ಯಾಬಿನ ಅಟೆಂಡರ್ ಕೆಲಸ ಹಿಡಿದಳು. ಯಾಕೆಂದು ಕೇಳಿದವರಿಗೆ ಹತ್ತಿರ ಎಂದಳು. ನಿಜವಾಗಿ, ಬಾಗಿಲ ಮೇಲಿನ ಬೋರ್ಡಿನಲ್ಲಿ 'ಭೌತಶಾಸ್ತ್ರ' ಎಂದು ಬರೆದಿತ್ತು.

ಮೊದಲ ವರ್ಷ ಒಂದು ಬೆಳಿಗ್ಗೆ, ಆಗಷ್ಟೇ ಸೇರಿದ್ದ ಮೇಷ್ಟ್ರೊಬ್ಬರು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ಸೀಳುಗಿಂಡಿಯನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸಿ, "ನೋಡಮ್ಮ" ಎಂದು ಅವಳನ್ನು ಕರೆದರು. ಅವಳು ದುರ್ಬೀನಿಗೆ ಕಣ್ಣಿಟ್ಟಳು. ಕಾಮನಬಿಲ್ಲಿನ ಪಟ್ಟಿ. ಅದರ ಅಡ್ಡಕ್ಕೆ, ಉಗುರಿನಿಂದ ಗೀರಿದಂತೆ ಕಪ್ಪು ಗೆರೆಗಳು. ಅವಳು ಬೆಚ್ಚಿ ಹಿಂದೆ ಸರಿದಳು.

"ಗಾಜು ಗೀಚಿದೆ ಸರ್, ನಾನಲ್ಲ."

"ಗಾಜಲ್ಲಮ್ಮ, ಅದು ಸೂರ್ಯ. ಆ ಹಳದಿ ಜಾಗದಲ್ಲಿರೋ ಜೋಡಿ ಗೆರೆ ನೋಡು. ನಮ್ಮ ಸೋಡಿಯಂ ದೀಪದ ಗೆರೆ ಇರೋದೂ ಅಲ್ಲೇ. ಅಂದ್ರೆ ಸೂರ್ಯನಲ್ಲೂ ಸೋಡಿಯಂ ಇದೆ. ಹೋಗಿ ಮುಟ್ಟಿ ನೋಡೋ ಹಾಗಿಲ್ಲ. ಗೆರೆ ಎಲ್ಲಿದೆ ಅಂತ ಸರಿಯಾಗಿ ಅಳೆದರೆ ಸಾಕು."

ಮನೆಗೆ ಹೋಗಿ ಅಮ್ಮನಿಗೆ, ಉಪ್ಪಿನಲ್ಲಿರೋದು ಸೂರ್ಯನಲ್ಲೂ ಇದೆಯಂತೆ ಎಂದಳು. ಮಲಗಿದ್ದ ಅಮ್ಮ, "ರುಚಿ ನೋಡ್ಕೊಂಡು ಬಂದೋರು ಯಾರೇ?" ಎಂದಳು. ಎಷ್ಟೋ ತಿಂಗಳ ಮೇಲೆ ತಾಯಿ ಮಗಳಿಬ್ಬರೂ ಅವತ್ತು ನಕ್ಕರು.

ಡಸ್ಟರು ಕೊಡುವ ನೆಪ, ಪ್ರೊಜೆಕ್ಟರು ಹೊರುವ ನೆಪ ಮಾಡಿಕೊಂಡು ಅವಳು ಖಗೋಳ ಭೌತಶಾಸ್ತ್ರದ ಪಾಠಗಳಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತಳು. ಹಾಗೆ ನಿಂತೇ ಹದಿನೇಳು ಬ್ಯಾಚಿನ ಪಾಠ ಕೇಳಿದಳು. ಮದುವೆಯಾಯಿತು, ಅಮ್ಮ ಹೋದಳು. ನಲವತ್ತಾರಕ್ಕೆ ಪಿಯುಸಿ ಪರೀಕ್ಷೆಯನ್ನು ಮನೆಯಲ್ಲೇ ಓದಿ ಬರೆದಳು. ನಲವತ್ತೆಂಟಕ್ಕೆ, ತಾನು ಗುಡಿಸುತ್ತಿದ್ದ ವಿಭಾಗಕ್ಕೇ ಬಿ.ಎಸ್ಸಿ. ವಿದ್ಯಾರ್ಥಿನಿಯಾಗಿ ಅರ್ಜಿ ಹಾಕಿದಳು. ಗಂಡ ದರ್ಜಿ. "ಹೋಗು ಹೋಗು, ಪಾಟಿಚೀಲ ನಾನೇ ಹೊಲೀತೀನಿ" ಎಂದ. ಹೊಲಿದೂ ಕೊಟ್ಟ.

*

ತಪ್ಪು ನಡೆದದ್ದು ಹನ್ನೊಂದು ವರ್ಷದ ಹಿಂದೆ. ತಪಾಸಣೆಗೆ ಮೇಲಿನವರು ಬರುತ್ತಾರೆಂದು ಲ್ಯಾಬಿನ ಎಲ್ಲ ಗಾಜುಗಳನ್ನು ಅವಳು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಗ್ರೇಟಿಂಗನ್ನು ಮಾತ್ರ ಯಾರೂ ಒರೆಸಬಾರದು. ಅದರ ಮೈ ಅಷ್ಟು ನಾಜೂಕು. ಅದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಆರನೇ ಮೇಜಿನದರ ಮೇಲೆ ಯಾರದೋ ಹೆಬ್ಬೆಟ್ಟಿನ ಗುರುತು ಎದ್ದು ಕಾಣುತ್ತಿತ್ತು. ಕೈ ತಾನಾಗಿ ಒಂದು ಸಲ ಒರೆಸಿಬಿಟ್ಟಿತು. ಬೆಳಕಿಗೆ ಹಿಡಿದರೆ ಬಣ್ಣಗಳೆಲ್ಲ ಕಲಸಿಹೋಗಿದ್ದವು.

ಹೇಳಬಹುದಿತ್ತು. ಹೆದರಿದಳು. ಹಳೇ ಬೀರುವಿನಲ್ಲಿ ಯಾವ ಕಾಲದ್ದೋ ಒಂದು ಗ್ರೇಟಿಂಗ್ ಕಾಗದದಲ್ಲಿ ಸುತ್ತಿಟ್ಟಿತ್ತು. ಕಾಗದದ ಮೇಲೆ 'ಮಿಲಿಮೀಟರಿಗೆ 600 ಗೆರೆ' ಎಂದಿತ್ತು. ಹಾಳಾದದ್ದರ ಲೇಬಲ್ಲಿನಲ್ಲಿ 'ಇಂಚಿಗೆ 15000'. ಅವಳು ಬೆರಳಲ್ಲಿ ಲೆಕ್ಕ ಹಾಕಿದಳು: ಇಂಚಿಗೆ ಇಪ್ಪತ್ತೈದು ಮಿಲಿಮೀಟರು; ಆರುನೂರು ಇಪ್ಪತ್ತೈದಲ ಹದಿನೈದು ಸಾವಿರ. ಎರಡೂ ಒಂದೇ! ಹೋದ ಜೀವ ಬಂದಂತಾಯಿತು. ಹಾಳಾದದ್ದರ ಲೇಬಲ್ಲನ್ನು ಉಗುರಿನಿಂದ ಬಿಡಿಸಿ ಬೀರುವಿನದರ ಚೌಕಟ್ಟಿಗೆ ಅಂಟಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಮೇಜಿಗೆ ಅಡ್ಡಹೆಸರು ಬಿದ್ದಾಗ ಎಲ್ಲರೊಂದಿಗೆ ಅವಳೂ ನಕ್ಕಳು. ಅದರ ಸ್ಕ್ರೂ ಸಡಿಲವೇನೋ ಎಂದು ಎಷ್ಟೋ ಸಲ ಬಿಗಿ ಮಾಡಿದಳು.

ಎಂಟು ವರ್ಷದ ಹಿಂದೆ ಒಬ್ಬಳು ಕನ್ನಡಕದ ಹುಡುಗಿ ಬಂದಳು. ಕ್ಲಾಸಿಗೇ ಮೊದಲಿಗಳು. ನಕ್ಷತ್ರಗಳ ಹುಚ್ಚು ಅವಳಿಗೂ ಇತ್ತು, ಎಂ.ಎಸ್ಸಿ.ಯಲ್ಲಿ ಖಗೋಳವನ್ನೇ ಓದುತ್ತೇನೆ ಎನ್ನುತ್ತಿದ್ದಳು. ಆರನೇ ಮೇಜಿನ ಮೇಲೆ ಸತತ ಮೂರು ಮಧ್ಯಾಹ್ನ ಅದೇ ಪ್ರಯೋಗ ಮಾಡಿದಳು. ಮೂರು ದಿನವೂ ಐದು ಸಾವಿರದ ಒಂಬೈನೂರ ಎಂಬತ್ತೇಳೇ ಬಂತು.

"ಎಲ್ಲರೂ ಕಳೀತಾರೆ ಮರಿ, ನೀನೂ ಕಳಿ" ಎಂದಿದ್ದಳು ಲ್ಯಾಬಕ್ಕ.

"ಕಾಣದೇ ಇರೋದನ್ನ ಹೇಗೆ ಅಕ್ಕ ಬರೀಲಿ?"

ಪರೀಕ್ಷೆಯಲ್ಲೂ ಅವಳಿಗೆ ಅದೇ ಮೇಜು ಬಂತು. ಕಂಡದ್ದನ್ನೇ ಬರೆದಳು. ಮಾರ್ಜಿನ್ನಿನಲ್ಲಿ 'ಅಜಾಗರೂಕ ವೀಕ್ಷಣೆ' ಎಂಬ ಷರಾ ಬಿತ್ತು, ಅಂಕ ಕಡಿಮೆಯಾಯಿತು, ಎರಡೇ ಎರಡು ಅಂಕಕ್ಕೆ ಎಂ.ಎಸ್ಸಿ. ಸೀಟು ಕೈತಪ್ಪಿತು. ಈಗ ಅವಳು ವಿಶ್ವವಿದ್ಯಾಲಯದ ಗೇಟಿನೆದುರಿನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಗಂಡನ ರಕ್ತದೊತ್ತಡದ ಮಾತ್ರೆಗೆಂದು ಲ್ಯಾಬಕ್ಕ ಅಲ್ಲಿಗೇ ಹೋಗುತ್ತಿದ್ದಳು. ಹುಡುಗಿ ವೈದ್ಯರ ಚೀಟಿಯನ್ನು ಒಮ್ಮೆ ಓದುವಳು, ಮಾತ್ರೆಯ ಮೇಲಿನ ಅಂಕಿ ಓದುವಳು, ಮತ್ತೆ ಚೀಟಿ, ಮತ್ತೆ ಮಾತ್ರೆ. ಗಿರಾಕಿಗಳು ಗೊಣಗಿದರೂ ಬಿಡುವವಳಲ್ಲ.

"ನನ್ನ ಕಣ್ಣು ಅಂಕಿ ತಪ್ಪಾಗಿ ಓದುತ್ತೆ ಅಕ್ಕ" ಎಂದಿದ್ದಳು ಒಮ್ಮೆ, ತಮಾಷೆಯೆಂಬಂತೆ. "ನಿಮಗೇ ಗೊತ್ತಲ್ಲ. ಅದಕ್ಕೇ ಮೂರು ಮೂರು ಸಲ ನೋಡ್ತೀನಿ."

ಲ್ಯಾಬಕ್ಕ ಆಗ ಅಯ್ಯೋ ಪಾಪ ಎಂದುಕೊಂಡು ಬಂದಿದ್ದಳು.

ಆರು ತಿಂಗಳ ಹಿಂದೆ ಒಂದು ಭಾನುವಾರ, ದರ್ಜಿ ಅಂಗಡಿಯಲ್ಲಿ ಗಂಡನ ಪಕ್ಕ ಕೂತು ಓದುತ್ತಿದ್ದವಳ ಕಣ್ಣು ಅವನ ಅಳತೆಪಟ್ಟಿಯ ತುದಿಗೆ ಬಿತ್ತು. ಒಂದು ಮಗ್ಗುಲಲ್ಲಿ ಅರವತ್ತು ಇಂಚು. ತಿರುಗಿಸಿದರೆ ನೂರೈವತ್ತೆರಡು ಸೆಂಟಿಮೀಟರು, ಮೇಲೊಂದು ಎಳೆ.

"ರೀ, ಇಂಚಿಗೆ ಎರಡೂವರೆ ಅಂದ್ರೆ ಅರವತ್ತಕ್ಕೆ ನೂರೈವತ್ತಾಗ್ಬೇಕಲ್ವಾ?"

"ಎರಡೂವರೆ ಮೇಲೆ ಒಂದಿಷ್ಟಿದೆ ಕಣೇ. ಒಂದಿಂಚಲ್ಲಿ ಗೊತ್ತಾಗಲ್ಲ, ಅರವತ್ತರಲ್ಲಿ ಹೊರಬೀಳುತ್ತೆ. ಅದನ್ನ ಮರೆತೋನ ಅಂಗಿ ಬಗಲಲ್ಲಿ ಹಿಡಿಯುತ್ತೆ." ಅವನು ದಾರ ಕಚ್ಚಿ ತುಂಡರಿಸಿ ಅವಳ ಮುಖ ನೋಡಿದ. "ಯಾಕೆ, ಏನಾಯ್ತು? ಬಿಳುಚಿಕೊಂಡ್ಯಲ್ಲ?"

ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ನೂರು ಸಲ ಬರೆದ ಅಂಕಿ ಅದು. ಹನ್ನೊಂದು ವರ್ಷದ ಹಿಂದೆ ಬೆರಳಲ್ಲಿ ಹಾಕಿದ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಗೆರೆಗಳು ಹದಿನೈದು ಸಾವಿರವಲ್ಲ, ಹದಿನೈದು ಸಾವಿರದ ಇನ್ನೂರ ನಲವತ್ತು. ಅದನ್ನು ಹದಿನೈದು ಸಾವಿರವೆಂದು ನಂಬಿ ಅಳೆದರೆ ಬರುವ ಉತ್ತರ ಐದು ಸಾವಿರದ ಒಂಬೈನೂರ ಎಂಬತ್ತೇಳು. ಹುಡುಗಿ ಬರೆದ ಅಂಕಿ. ಒಂದು ಅಂಕಿಯೂ ಆಚೀಚೆ ಇರಲಿಲ್ಲ. ಅವಳಷ್ಟು ನಿಖರವಾಗಿ ಆ ಕೋಣೆಯಲ್ಲಿ ಯಾರೂ ಅಳೆದಿರಲಿಲ್ಲ.

ಅಂದಿನಿಂದ ಲ್ಯಾಬಕ್ಕ ಎರಡು ಸ್ಟಾಪು ಆಚೆಯ ಅಂಗಡಿಯಲ್ಲಿ ಮಾತ್ರೆ ತಂದಳು. ಹೇಳಿದರೆ ಕೆಲಸ ಹೋಗುತ್ತದೆ. ಉಪಕರಣ ಕೆಡಿಸಿದ್ದನ್ನು ಮುಚ್ಚಿಟ್ಟವಳಿಗೆ ಅದೇ ವಿಭಾಗ ಪದವಿ ಹೇಗೆ ಕೊಟ್ಟೀತು? ಸರಿಯಾದ ಲೇಬಲ್ಲು ಬರೆದು ಒಂದು ದಿನ ಒಯ್ದಳು. ಮೇಜು ಇದ್ದಕ್ಕಿದ್ದಂತೆ ಸರಿಹೋದರೆ ಯಾಕೆಂದು ಯಾರಾದರೂ ಕೇಳುತ್ತಾರೆ ಎನಿಸಿ, ಹಾಗೇ ವಾಪಸು ತಂದಳು. ಆಫೀಸಿನಿಂದ ಜವಾನ ಬಂದು ಹೆಸರು ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು. ಅವನು ಬಂದಿರುತ್ತಿದ್ದುದು ಪೊರಕೆ ಕೇಳಲು.

*

ಕತ್ತಲೆಕೋಣೆಯಲ್ಲಿ ದೀಪಗಳು ಈಗ ಹಳದಿಗೆ ತಿರುಗಿದ್ದವು. ಎಲ್ಲರ ಮುಖವೂ ಒಂದೇ ಬಣ್ಣ. ಲ್ಯಾಬಕ್ಕ ಆರನೇ ಮೇಜಿಗೆ ಕೂತು, ದುರ್ಬೀನನ್ನು ಎಡಕ್ಕೆ ಸರಿಸಿದಳು. ಎರಡು ಹಳದಿ ಗೆರೆ, ಅಕ್ಕಪಕ್ಕ, ಕೂದಲೆಳೆಯಷ್ಟು ಅಂತರ. ಅಂಕಿ ಗುರುತು ಹಾಕಿಕೊಂಡಳು. ಬಲಕ್ಕೆ ಸರಿಸಿದಳು. ಮತ್ತೆ ಅವೇ ಗೆರೆಗಳು. ಎಡ, ಬಲ ಎರಡೂ ಜಾಗಗಳ ನಡುವಿನ ಕೋನ ನಲವತ್ತೊಂದು ಡಿಗ್ರಿ ಇಪ್ಪತ್ತೈದು ನಿಮಿಷ. ನೋಡುವ ಮೊದಲೇ ಅವಳಿಗೆ ಅದು ಗೊತ್ತಿತ್ತು.

ದಾರಿಗಳು ಕಣ್ಣೆದುರೇ ಇದ್ದವು. ತೊಂಬತ್ತನಾಲ್ಕು ಕಳೆದು ಬರೆದರೆ ಪೂರ್ತಿ ಅಂಕ. ಪಕ್ಕದ ಮೇಜಿನ ಹುಡುಗ ಕಣ್ಣಲ್ಲೇ ಸನ್ನೆ ಮಾಡಿ ಎರಡು ಕೈಯ ಒಂಬತ್ತು ಬೆರಳು ತೋರಿಸಿದ: ಒಂಬತ್ತು ಹತ್ತಲ. ಪೆನ್ನು ಕಾಗದಕ್ಕೆ ತಾಗಿತು. ಒಂದು ಚುಕ್ಕೆಯಾಗಿ ಅಲ್ಲೇ ನಿಂತಿತು.

ಈ ಗಾಜಿನಲ್ಲಿ ಸೂರ್ಯನ ಬೆಳಕನ್ನೇ ನೋಡಿದ್ದರೆ? ಮೂರು ವರ್ಷ ಓದಿದ ಲೆಕ್ಕ ಹೇಳದೆ ಕೇಳದೆ ತಲೆಯಲ್ಲಿ ಓಡಿತು. ದೂರ ಓಡುವ ನಕ್ಷತ್ರದ ಗೆರೆಗಳು ಕೆಂಪಿನ ಕಡೆಗೆ ಸರಿಯುತ್ತವೆ; ಇಷ್ಟು ಸರಿದಿದ್ದರೆ, ಅಳೆದವರು ಸೂರ್ಯ ನಮ್ಮನ್ನು ಬಿಟ್ಟು ಸೆಕೆಂಡಿಗೆ ಸುಮಾರು ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಓಡಿಹೋಗುತ್ತಿದ್ದಾನೆ ಎಂದು ಬರೆಯಬೇಕಾಗುತ್ತಿತ್ತು. ಉಗುರಿನಷ್ಟು ಲೇಬಲ್ಲು ಅದು. ಸೂರ್ಯನನ್ನೇ ಓಡಿಸುವ ಶಕ್ತಿ ಅದಕ್ಕಿತ್ತು. ಒಬ್ಬ ಹುಡುಗಿಯನ್ನು ಓಡಿಸುವುದೇನು ಮಹಾ.

ಲ್ಯಾಬಕ್ಕ ತಾನು ಕಂಡ ಕೋನವನ್ನೇ ಬರೆದಳು. ಲೇಬಲ್ಲಿನ ಪ್ರಕಾರ ಬರುವ ಉತ್ತರ ಬರೆದಳು. ಆಮೇಲೆ ಒಂದು ಹೆಚ್ಚುವರಿ ಹಾಳೆ ಕೇಳಿ ಪಡೆದು ಬರೆದಳು: 'ಈ ಲೇಬಲ್ಲು ತಪ್ಪು. ಹನ್ನೊಂದು ವರ್ಷದ ಹಿಂದೆ ಇದನ್ನು ಅಂಟಿಸಿದವಳು ನಾನು. ನಿಜವಾದ ಸಂಖ್ಯೆ ಮಿಲಿಮೀಟರಿಗೆ ಆರುನೂರು. ಅದರಂತೆ ಉತ್ತರ 5893.' ಗಾಜು ಒರೆಸಿದ್ದನ್ನೂ ಬರೆದಳು. ಸಹಿ ಹಾಕುವಾಗ ಅಕ್ಷರ ಗುರುತು ಸಿಗದಂತಾಗಿತ್ತು; ಹೊಡೆದುಹಾಕಿ ಮತ್ತೆ ಹಾಕಿದಳು.

*

"ಏನಮ್ಮಾ ಇದು?"

ಕಾರಿಡಾರಿನಲ್ಲಿ ಮೇಷ್ಟ್ರು ಅವಳನ್ನು ಹಿಂದಿನಿಂದ ಬಂದು ಹಿಡಿದರು. ಅಂದು ಕಿಟಕಿಗೆ ಸೀಳುಗಿಂಡಿ ತಿರುಗಿಸಿ ಸೂರ್ಯನ ಗೆರೆ ತೋರಿಸಿದವರು. ಈಗ ಕೂದಲು ನರೆತಿತ್ತು, ವಿಭಾಗದ ಮುಖ್ಯಸ್ಥರಾಗಿದ್ದರು. ಕೈಯಲ್ಲಿ ಅವಳ ಹೆಚ್ಚುವರಿ ಹಾಳೆ ಇತ್ತು.

"ಹೊರಗಿನಿಂದ ಬಂದ ಪರೀಕ್ಷಕರು ಇನ್ನೂ ನೋಡಿಲ್ಲ. ಟೀ ಕುಡೀತಿದಾರೆ. ಈ ಹಾಳೆ ಬೇರೆಯಾಗೇ ಇದೆ, ಗೊತ್ತಾಯ್ತಾ? ಇದು ಇಲ್ಲ ಅಂದ್ಕೊ."

"ಇದೆಯಲ್ಲ ಸರ್."

"ಹನ್ನೊಂದು ಬ್ಯಾಚು! ವಿಚಾರಣೆ ಅಂತ ಕೂತ್ರೆ ಮೊದಲು ನಿನ್ನ ಕೆಲಸ ಹೋಗುತ್ತೆ, ಆಮೇಲೆ ನಿನ್ನ ಡಿಗ್ರಿ, ಆಮೇಲೆ ನನ್ನ ಮಾನ. ಇಷ್ಟು ವರ್ಷ ಗೋಡೆಗೆ ಒರಗಿ ನಿಂತು ಕಲಿತೋಳು ನೀನು. ಹೊಸ್ತಿಲಿಗೆ ಬಂದು ಎಡವುತೀಯಾ?"

"ಹೆದರಿಕೆ ಆಗ್ತಿದೆ ಸರ್."

"ಹಾಗಿದ್ರೆ ಯಾಕೆ ಬರೆದೆ?"

"ಆ ಕನ್ನಡಕದ ಹುಡುಗಿ. ಕಳೆಯಲ್ಲ ಅಂದೋಳು."

ಮೇಷ್ಟ್ರು ಹಾಳೆಯನ್ನು ಮಡಚುತ್ತಿದ್ದ ಕೈ ನಿಲ್ಲಿಸಿದರು. "ಆ ಷರಾ ಬರೆದಿದ್ದು ನಾನು" ಎಂದರು. ದನಿ ಬದಲಾಗಿತ್ತು, ಅದರಲ್ಲೂ ಈಗ ಭಯವಿತ್ತು. "ಎಂಟು ವರ್ಷ ಆಯ್ತಮ್ಮ. ಅವಳು ಅದನ್ನೆಲ್ಲ ಮರೆತಿರ್ತಾಳೆ."

"ಮಾತ್ರೆ ಚೀಟಿನ ಮೂರು ಸಲ ಓದ್ತಾಳೆ ಸರ್. ತನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡಿದಾಳೆ."

"ಅವಳ ಅಂಕ ಈಗ ಯಾರೂ ತಿದ್ದೋಕಾಗಲ್ಲ."

"ಅಂಕ ಅಲ್ಲ ಸರ್."

ಮೇಷ್ಟ್ರು ಆಚೀಚೆ ನೋಡಿ, ಅವಳ ಹತ್ತಿರ ಸರಿದು, ಮಗುವನ್ನು ಒಲಿಸುವವರಂತೆ ಹೇಳತೊಡಗಿದರು. "ಸರಿ, ಒಂದು ಮಾತು ಕೇಳು. ನಿನ್ನ ವೈವಾ ಕೊನೆಗಿದೆ, ಇನ್ನೂ ಒಂದು ಗಂಟೆ ಇದೆ. ಬಾ, ನನ್ನ ರೂಮಲ್ಲಿ ಕೂತ್ಕೊ, ನೀರು ಕುಡಿ. ಆ ಲೇಬಲ್ಲು ನಾಳೆ ನಾನೇ ಬದಲಾಯಿಸ್ತೀನಿ, ಕಾರಣ ಏನಾದ್ರೂ ಬರೆಯೋಣ. ರಿಸಲ್ಟು ಬರಲಿ. ಆಮೇಲೆ ಅವಳನ್ನ ಕರೆಸಿ, ಸಮಾಧಾನವಾಗಿ, ಇಬ್ಬರೂ ಕೂತು..."

"ಹಾಳೆ ನಿಮ್ಮ ಕೈಲಿದೆ ಸರ್" ಎಂದಳು ಲ್ಯಾಬಕ್ಕ. "ಏನ್ ಮಾಡ್ತೀರೋ ಮಾಡಿ."

"ಅಲ್ಲಮ್ಮ, ನಾನು ಹೇಳೋದು ಪೂರ್ತಿ ಕೇಳು. ಇವತ್ತೇ ಆಗ್ಬೇಕು ಅಂತ ಏನಿದೆ? ಇಷ್ಟು ದಿನ ಇದ್ದದ್ದು ಇನ್ನೊಂದು ತಿಂಗಳು..."

ಅವಳಾಗಲೇ ಮೆಟ್ಟಿಲ ಕಡೆ ತಿರುಗಿದ್ದಳು. ಕಂಬಿ ಹಿಡಿದು ಇಳಿಯತೊಡಗಿದಳು. ಹುಡುಗಿಯ ಎದುರು ನಿಂತು ಮೊದಲು ಯಾವ ಮಾತು ಆಡಬೇಕು ಎನ್ನುವುದೇ ಹೊಳೆದಿರಲಿಲ್ಲ. ಅವಳು ಬೈದರೆ? ಏನೂ ಹೇಳದೆ ಸುಮ್ಮನೆ ನೋಡಿದರೆ? ಮೇಲಿನಿಂದ ಮೇಷ್ಟ್ರ ದನಿ ಇನ್ನೂ ಬರುತ್ತಿತ್ತು, "ಕನಿಷ್ಠ ವೈವಾ ಮುಗಿಸಿ ಹೋಗಮ್ಮ, ಯಾರಾದ್ರೂ ಕೇಳಿದ್ರೆ ನಾನು ಏನಂತ..." ಲ್ಯಾಬಕ್ಕ ಅಂಗಳ ದಾಟಿ, ಗೇಟು ದಾಟಿ, ರಸ್ತೆಯ ಆಚೆ ಬದಿಯ ಮೆಡಿಕಲ್ ಶಾಪಿನ ಕಡೆ ನಡೆದಳು.